ಫೀಸಿನ ರಸೀದಿ ಇದ್ದವರ ಫೆಬ್ರವರಿ

ನಮ್ಮಂಥ ಸರ್ಕಾರಿ ಶಾಲೆಯ ಟೀಚರುಗಳಿಗೆ ಫೆಬ್ರವರಿ ಬಂತೆಂದರೆ ಪಾಠಕ್ಕಿಂತ ಟ್ಯಾಕ್ಸಿನದೇ ಮಾತು ಜಾಸ್ತಿ. ವರ್ಷದ ಲೆಕ್ಕ ಬರೆದುಕೊಡದಿದ್ದರೆ ಆ ತಿಂಗಳ ಸಂಬಳ ಆಗುವುದಿಲ್ಲ. ಇರಕಲ್ಲಗಡದ ಕಡೆ ಇರುವ ನಮ್ಮ ಶಾಲೆಯಲ್ಲಿ ಸ್ಟಾಫ್ ರೂಮು ಒಂದೇ, ಟೇಬಲ್ಲೂ ಒಂದೇ. ಅಂದಮೇಲೆ ಯಾರ ಲೆಕ್ಕವೂ ಯಾರಿಗೂ ಗುಟ್ಟಲ್ಲ.

ಹೋದ ವರ್ಷ ಆ ಟೇಬಲ್ಲಿನ ಮೇಲೆ ನನ್ನ ಹೊಟ್ಟೆ ಉರಿಸಿದ್ದು ಒಂದು ಫೀಸಿನ ರಸೀದಿ. ಅದು ನನ್ನ ಜೊತೆ ಕೆಲಸ ಮಾಡುವ ಟೀಚರದು. ಆಕೆಯ ಗಂಡನೂ ಸರ್ಕಾರಿ ಶಾಲೆಯ ಮಾಸ್ತರ. ಮಕ್ಕಳು ಇಬ್ಬರೂ ಕೊಪ್ಪಳದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ದೊಡ್ಡವನ ಫೀಸು ಗಂಡ ಕಟ್ಟುತ್ತಾನೆ, ಚಿಕ್ಕವಳದು ಈಕೆ. ಇಬ್ಬರ ಲೆಕ್ಕಕ್ಕೂ ಒಂದೊಂದು ರಸೀದಿ, ಇಬ್ಬರಿಗೂ ಟ್ಯಾಕ್ಸಿನಲ್ಲಿ ರಿಯಾಯಿತಿ.

ನನ್ನ ಮಗಳು? ನಾಲ್ಕನೆಯ ಕ್ಲಾಸು, ನಮ್ಮದೇ ಶಾಲೆ, ನಾನೇ ಟೀಚರು. ಬೆಳಿಗ್ಗೆ ಕೊಪ್ಪಳದಿಂದ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ದಾರಿಯುದ್ದಕ್ಕೂ ಮಗ್ಗಿ ಕೇಳುತ್ತಿದ್ದೆ. ಕ್ಲಾಸಿನಲ್ಲಿ ನನ್ನನ್ನು "ಟೀಚರ್" ಅನ್ನಬೇಕೆಂದು ತಾಕೀತು ಮಾಡಿದ್ದೆ. ಒಮ್ಮೆ ಮರೆತು "ಅವ್ವ" ಅಂದುಬಿಟ್ಟಳು. ಆಮೇಲೆ ಒಂದು ವಾರ ಇಡೀ ಕ್ಲಾಸಿಗೆ ನಾನು ಅವ್ವನೇ.

"ಅಕ್ಕಾರ, ನಿಮ್ಮ ಮಕ್ಕಳ ಫೀಸಿನ ಕಾಲಂ ಖಾಲಿ ಐತಲ್ರಿ?" ಎಂದಳು ಆಕೆ, ನನ್ನ ಹಾಳೆಯಲ್ಲಿ ಇಣುಕಿ.

"ನಮ್ಮ ಸಾಲಿಗೆ ಫೀಸ್ ಎಲ್ಲೈತಿ?"

"ಪಾಪ. ಅದಕ್ಕ ನಿಮ್ಮ ಟ್ಯಾಕ್ಸ್ ಅಷ್ಟ್ ಬಂದೈತಿ ನೋಡ್ರಿ."

ಆ 'ಪಾಪ'ವನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ಪಾಠ ಮಾಡುವ ಶಾಲೆಯನ್ನೇ ನಂಬಿ ಮಗಳನ್ನು ಅಲ್ಲಿಗೇ ಹಾಕಿದೆ, ಪೂರ್ತಿ ಟ್ಯಾಕ್ಸ್ ಕಟ್ಟಿದೆ. ನಂಬದವಳಿಗೆ ರಿಯಾಯಿತಿ. ಇದ್ಯಾವ ನ್ಯಾಯ ಎಂದು ಹೆಡ್‌ಮಾಸ್ತರರನ್ನು ಕೇಳಿದೆ.

"ನ್ಯಾಯ ನನ್ನ ಕೇಳಬ್ಯಾಡ್ರಿ, ಸಹಿ ಅಷ್ಟ ಮಾಡಿ ಕೊಡ್ರಿ. ಸಂಜಿ ಒಳಗ ಆಫೀಸಿಗೆ ಮುಟ್ಟಸಬೇಕು," ಎಂದರು.

ಮನೆಗೆ ಬಂದವಳೇ ಗಂಡನಿಗೆ ಹೇಳಿದೆ, ಮಗಳನ್ನು ಅದೇ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕೋಣ ಅಂತ. ಅವರದು ಬೀಜ, ಗೊಬ್ಬರದ ಅಂಗಡಿ.

"ಯಾಕ? ಛಲೋ ಓದಾಕತ್ಯಾಳಲ್ಲ."

"ಟ್ಯಾಕ್ಸ್ ಉಳಿತೈತ್ರಿ."

"ಐದು ರೂಪಾಯಿ ಫೀಸ್ ಕಟ್ಟಿ ಒಂದ್ ರೂಪಾಯಿ ಟ್ಯಾಕ್ಸ್ ಉಳಸ್ತಿ. ಅದೂ ಕಲಿಸೋ ಫೀಸಿಗೆ ಅಷ್ಟ. ಡೊನೇಷನ್ನಿಗಿಲ್ಲ, ಬಸ್ಸಿಗಿಲ್ಲ. ಇಂಥಾ ವ್ಯಾಪಾರ ನಾ ಮಾಡಿದ್ರ ಯಾವಾಗೋ ಅಂಗಡಿ ಶಟರ್ ಎಳೀತಿದ್ದೆ."

"ಆಕಿಗೆ ಸಿಗತೈತಿ, ನನಗ್ಯಾಕ ಸಿಗಬಾರ್ದು?"

"ಹಂಗನ್ನು ಮತ್ತ! ಟ್ಯಾಕ್ಸ್ ಅಂತ ಯಾಕಂತಿ?"

ಮಗಳು ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದಳು. "ಅವ್ವ, ಅಲ್ಲಿ ನೀ ಇರ್ತಿಯೇನು?" ಎಂದಳು. ಇಲ್ಲ ಎಂದೆ.

ಅದೇ ದಿನಗಳಲ್ಲಿ ಟಿವಿ ತುಂಬಾ ಬಜೆಟ್ ಸುದ್ದಿ. ನಾನು ಅಡ್ಮಿಷನ್ ಫಾರ್ಮ್ ತುಂಬುವುದರಲ್ಲಿ ಮುಳುಗಿದ್ದೆ, ತಲೆ ಎತ್ತಿ ನೋಡಲಿಲ್ಲ.

ಜೂನಿನಿಂದ ಮಗಳಿಗೆ ಟೈ, ಬೂಟು, ಹಳದಿ ಬಸ್ಸು. ನನಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಇರಲಿ, ರಸೀದಿ ಇತ್ತಲ್ಲ! ಮಡಿಕೆ ಬೀಳಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದೆ. ಈ ಫೆಬ್ರವರಿಯಲ್ಲಿ ಟೇಬಲ್ಲಿನ ಮೇಲೆ ಎಲ್ಲರಿಗಿಂತ ಮೊದಲು ಇಟ್ಟವಳು ನಾನು. ಆಕೆ ನೋಡಲಿ ಅಂತಲೇ ಆಕೆಯ ಕಡೆಗೆ ತಿರುಗಿಸಿ ಇಟ್ಟೆ.

"ಇದನ್ಯಾಕ ತಂದ್ರಿ ಅಕ್ಕಾರ?" ಎಂದರು ಹೆಡ್‌ಮಾಸ್ತರರು. "ಈ ಸಲ ನಮ್ಮದು ಎಲ್ಲಾರ್ದೂ ಟ್ಯಾಕ್ಸಿನ ಹೊಸ ಪದ್ಧತಿ. ಅದರಾಗ ಫೀಸಿನ ರಿಯಾಯ್ತಿ ಇಲ್ಲ. ನಮ್ಮ ಪಗಾರಕ್ಕ ಟ್ಯಾಕ್ಸೂ ಇಲ್ಲ."

ರಸೀದಿ ಇದ್ದವರಿಗೂ ಸೊನ್ನೆ, ಇಲ್ಲದವರಿಗೂ ಸೊನ್ನೆ. ಸುಮ್ಮನಿದ್ದಿದ್ದರೂ ನಾನು ಆಕೆಯ ಸಮ ಆಗುತ್ತಿದ್ದೆ. ಹೋಗಲಿ, ಆಕೆಯ ಮುಖವಾದರೂ ಸಣ್ಣದಾಗುತ್ತದೇನೋ ಎಂದು ನೋಡಿದೆ. ಆಕೆ ಆರಾಮಾಗಿ ಚಹಾ ಕುಡಿಯುತ್ತಿದ್ದಳು.

"ನಿಮ್ಮ ರಿಯಾಯ್ತಿ ಹೋತಲ್ರಿ," ಎಂದೆ.

"ಹೋಗ್ಲಿ ಬಿಡ್ರಿ. ನಾವೇನ್ ಟ್ಯಾಕ್ಸ್ ಸಲುವಾಗಿ ಆ ಸಾಲಿಗೆ ಹಾಕಿದ್ವೇನ್ರಿ ಅಕ್ಕಾರ?"

ಆಕೆಗೆ ಅದು ಬೇಕಾಗಿಯೇ ಇರಲಿಲ್ಲ! ಅದಕ್ಕೂ ಹೊಟ್ಟೆ ಉರಿಯಿತು.

ಮಗಳನ್ನು ವಾಪಸು ಕರೆದುಕೊಂಡು ಬರೋಣವೆಂದರೆ ಅವಳೇ ಒಲ್ಲೆ ಅನ್ನುತ್ತಾಳೆ. ಈಗ ಬಾಯಿ ತೆರೆದರೆ "ನಮ್ಮ ಮಿಸ್ ಹಿಂಗ ಹೇಳ್ಯಾರ", "ನಮ್ಮ ಮಿಸ್ ಹಂಗ ಬರೀತಾರ". ನಾನು ಕೈ ಹಿಡಿದು ತಿದ್ದಿಸಿದ ಅಕ್ಷರವನ್ನೇ ಆ ಮಿಸ್ಸು ಬದಲಿಸಿದ್ದಾಳೆ. ನೋಡಿದ್ದೇನೆ ಆಕೆಯನ್ನು, ಇನ್ನೂ ಚಿಕ್ಕ ವಯಸ್ಸು.

ರಸೀದಿ ವಾಪಸು ತಂದ ದಿನ ಸಂಜೆ ಮಗಳು ಲೆಕ್ಕ ಮಾಡುತ್ತಾ ಕೂತಿದ್ದಳು. ನಾನು ಪಕ್ಕದಲ್ಲೇ ಸೊಪ್ಪು ಸೋಸುತ್ತಿದ್ದೆ. ಅವಳು ತಲೆ ಎತ್ತದೆಯೇ ಪುಸ್ತಕ ನನ್ನ ಕಡೆ ತಳ್ಳಿ, "ಮಿಸ್, ಇದೊಂದು ಬರವಲ್ದು," ಎಂದಳು.

ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡು ನಕ್ಕಳು. ಅವಳಪ್ಪನೂ ನಕ್ಕರು. ನಾನು ಸೊಪ್ಪು ಬದಿಗಿಟ್ಟು ಲೆಕ್ಕ ಹೇಳಿಕೊಟ್ಟೆ, ಆ ಮಿಸ್ಸಿಗಿಂತ ಚೆನ್ನಾಗಿಯೇ ಹೇಳಿಕೊಟ್ಟೆ. ಮುಗಿದ ಮೇಲೆ ಮಗಳು ಹೇಳಿದಳು: "ನಾಳಿ ಮಿಸ್ಸಿಗೆ ತೋರಸ್ತೀನಿ."