ಬೀಗ ರಿಪೇರಿಯವರು ಆರೋಗ್ಯವಂತರಾದದ್ದು

ನಮ್ಮ ಬೀದಿಯ ಬೀಗ ರಿಪೇರಿಯವರನ್ನು ಎಲ್ಲರೂ ‘ಅಯ್ಯಮ್ಮಾ ಮಾವ’ ಅಂತಲೇ ಕರೆಯುತ್ತಿದ್ದದ್ದು. ಕೂತರೂ ಅಯ್ಯಮ್ಮಾ, ಎದ್ದರೂ ಅಯ್ಯಮ್ಮಾ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೀಲಿಗೆ ಅರ ಉಜ್ಜುತ್ತಾ, ಬಂದವರಿಗೆ ಮೊದಲು ತಮ್ಮ ಹೊಟ್ಟೆಯ ಸಮಾಚಾರ ಹೇಳಿ, ಆಮೇಲೆ ಅವರ ಬೀಗದ ಸಮಾಚಾರ ಕೇಳುತ್ತಿದ್ದರು. ಕೀಲಿ ಕಳೆದುಕೊಂಡು ಮನೆಯಾಚೆ ನಿಂತವರಿಗೂ ರಿಯಾಯಿತಿ ಇರಲಿಲ್ಲ.

ಒಮ್ಮೆ ಅವರಿಗೆ ಹೊಟ್ಟೆಯುರಿ ಹಿಡಿಯಿತು. ಪಕ್ಕದಂಗಡಿಯ ವ್ಯಾಪಾರ ಕಂಡು ಬರುವಂಥದ್ದಲ್ಲ, ನಿಜವಾದದ್ದೇ. ಕ್ಯಾನ್ಸರ್ ಎಂದು ತಾವೇ ತೀರ್ಮಾನಿಸಿ, ತಮ್ಮ ಅರಗಳು ಯಾರ ಪಾಲಾಗಬೇಕೆಂದು ಹೆಂಡತಿಗೆ ಹೇಳಿದರು. ಆಕೆ ಬೀನ್ಸ್ ನಾರು ಬಿಡಿಸುತ್ತಾ ಹೂಂಗುಟ್ಟಿದರು. ಮಾವನ ತಂಗಿಯ ಮಗಳು ಕ್ಯಾನ್ಸರ್ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು. ಅವಳು ಮಾವನನ್ನು ಎಳೆದುಕೊಂಡೇ ಹೋದಳು. ಅಲ್ಲಿನ ಡಾಕ್ಟರಮ್ಮ ಬಾಯಿಂದ ಹೊಟ್ಟೆಗೆ ನಳಿಗೆ ಇಳಿಸಿ ನೋಡಿದರು. ಬರೀ ಆಸಿಡಿಟಿ.

ಮಾವನ ಮುಖ ಸಪ್ಪಗಾಯಿತು. ಸಾಲದ್ದಕ್ಕೆ ಡಾಕ್ಟರಮ್ಮ ಇನ್ನೊಂದು ಕೇಳಿದರು. ಹೊಟ್ಟೆಯ ಕ್ಯಾನ್ಸರನ್ನು ರಕ್ತದಲ್ಲೇ ಬೇಗ ಪತ್ತೆಹಚ್ಚಬಹುದೇ ಎಂಬ ಸಂಶೋಧನೆ ನಡೆದಿದೆ, ಹೋಲಿಸಿ ನೋಡಲು ಆರೋಗ್ಯವಂತ ಹಿರಿಯರ ರಕ್ತ ಬೇಕು, ಕೊಡುತ್ತೀರಾ ಎಂದು.

“ಇಷ್ಟು ವರ್ಷ ನರಳಿದೀನಿ. ನನ್ನನ್ನ ಆರೋಗ್ಯವಂತರ ಸಾಲಿಗೆ ಸೇರಿಸಿದರೆ ಬೀದಿಯಲ್ಲಿ ತಲೆಯೆತ್ತಿ ಓಡಾಡೋದು ಹೇಗೆ?” ಎಂದರು ಮಾವ.

ಡಾಕ್ಟರಮ್ಮ ನಗದೆ ವಿವರಿಸಿದರು. ಜೀವಕೋಶಗಳಲ್ಲಿ ಆರ್‌ಎನ್‌ಎ ಎಂಬ ಸಣ್ಣ ಎಳೆಗಳಿರುತ್ತವೆ. ತುದಿಯಿರುವ ಎಳೆಗಳನ್ನು ಕಿಣ್ವಗಳು ತುದಿಯಿಂದ ತಿಂದು ಬೇಗ ಮುಗಿಸುತ್ತವೆ. ಕೆಲವು ಮಾತ್ರ ಉಂಗುರದಂತೆ ದುಂಡಗೆ, ತುದಿಯೇ ಇಲ್ಲ. ಅವು ರಕ್ತದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ಕ್ಯಾನ್ಸರ್ ಇದ್ದವರಲ್ಲಿ ಕೆಲವು ಉಂಗುರ ಹೆಚ್ಚು, ಕೆಲವು ಕಡಿಮೆ. ಹೆಚ್ಚು ಎಂದರೆ ಎಷ್ಟು ಅಂತ ತಿಳಿಯಲು ಕ್ಯಾನ್ಸರ್ ಇಲ್ಲದವರೂ ಬೇಕಲ್ಲ. ಇದರಿಂದ ಔಷಧಿ ಆಗುತ್ತದಾ ಎಂದರು ಮಾವ. ಗಡ್ಡೆ ಬೆಳೆಸುವ ಉಂಗುರಗಳನ್ನು ತಡೆಯುವ ಪ್ರಯತ್ನ ಲ್ಯಾಬುಗಳಲ್ಲಿ ನಡೆದಿದೆ, ರೋಗಿಯ ಕೈಗೆ ಬರಲು ಇನ್ನೂ ದೂರವಿದೆ ಎಂದರು ಆಕೆ.

ಮಾವ ಇನ್ನೂ ಬಿಗಿದುಕೊಂಡೇ ಇದ್ದರು. ಆಗ ತಂಗಿಯ ಮಗಳು ಹೇಳಿದಳು: “ಮಾವ, ಕಾಯಿಲೆಯವರು ಇಲ್ಲಿ ಬೇಕಾದಷ್ಟು ಬರ್ತಾರೆ. ನಿಮ್ಮಂಥವರು ಸಿಗೋದೇ ಅಪರೂಪ.”

ಅಪರೂಪ ಎಂಬ ಮಾತು ನಾಟಿತು. ಮಾವ ತೋಳು ಚಾಚಿದರು. ಸೂಜಿ ಚುಚ್ಚಿದಾಗ ನಾಲಿಗೆ ತುದಿಗೆ ಬಂದ ಅಯ್ಯಮ್ಮಾವನ್ನು ನುಂಗಿಕೊಂಡರು.

ಅವತ್ತಿನಿಂದ ಬೀಗದವರು ಬೀಗತೊಡಗಿದರು. ಬಂದವರು ಈಗ ಹೊಟ್ಟೆಯ ಬದಲು ದುಂಡು ಆರ್‌ಎನ್‌ಎ ಕಥೆ ಕೇಳಬೇಕಾಯಿತು. ಗಾಬರಿಯಾದದ್ದು ಹೆಂಡತಿಗೆ. ಎರಡು ದಿನದಿಂದ ಇವರು ನರಳೇ ಇಲ್ಲ, ಏನೋ ಆಗಿದೆ ಎಂದು ತಂಗಿಯ ಮಗಳಿಗೆ ಫೋನ್ ಮಾಡಿದರು. ಹುಡುಗಿ ಬಿಪಿ ಮೆಷಿನ್ ಹಿಡಿದು ಓಡಿಬಂದಳು. ಎಲ್ಲ ಸರಿಯಾಗಿತ್ತು.

ಆಸ್ಪತ್ರೆಗೆ ಇನ್ನೂ ಆರೋಗ್ಯವಂತರು ಬೇಕು ಎಂದು ಅವಳಿಂದ ತಿಳಿದು, ಮಾವ ಎದುರಂಗಡಿಯ ಕ್ಷೌರದವರನ್ನು ಹೊರಡಿಸಿಕೊಂಡು ಹೋದರು. ಕ್ಷೌರದವರು ಆಜನ್ಮ ಗಟ್ಟಿಗರು, ತಲೆನೋವು ಎಂದವರೇ ಅಲ್ಲ. ಡಾಕ್ಟರಮ್ಮ ಕೆದಕಿ ಕೇಳಿದಾಗ, ಊಟವಾದ ಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂದು ಒಪ್ಪಿಕೊಂಡರು. ಪರೀಕ್ಷೆಯಲ್ಲಿ ಕಂಡದ್ದು ಅಲ್ಸರ್. ಔಷಧಿಯಿಂದ ವಾಸಿಯಾಗುವಂಥದ್ದೇ, ಆದರೆ ಆರೋಗ್ಯವಂತರ ಸಾಲಿಗೆ ಅವರು ಸಲ್ಲಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಅವರ ಹೆಗಲ ಮೇಲೆ ಕೈಯಿಟ್ಟು, “ಬೇಜಾರು ಮಾಡ್ಕೋಬೇಡಿ, ಎಲ್ಲರಿಗೂ ಈ ಯೋಗ ಇರಲ್ಲ” ಎಂದರಂತೆ.

ಆ ತಿಂಗಳು ಕ್ಷೌರದವರು ಮಾವನ ತಲೆಯ ಮೇಲೆ ಕತ್ತರಿಯನ್ನು ಸ್ವಲ್ಪ ಧಾರಾಳವಾಗಿಯೇ ಆಡಿಸಿದರು.