ಇಲ್ಲದವರ ಹಾಜರಿ

ನಾನು ಕಲಿತ ಶಾಲೆಗೆ ಬಾಗಿಲಿರಲಿಲ್ಲ, ಕಿಟಕಿ ಇರಲಿಲ್ಲ, ಒಂದು ಕಡೆ ಗೋಡೆಯೂ ಇರಲಿಲ್ಲ. ತೆಲುಗು ನಾಡಿನ ದೊಡ್ಡ ನಗರದ ಅಂಚಿನ ಕೊಂಡಾಪುರದಲ್ಲಿ ಆಗ ಏಳುತ್ತಿದ್ದ ದೊಡ್ಡ ಗಾಜಿನ ಕಟ್ಟಡವೊಂದರ ತಳದಲ್ಲಿ, ಮುಂದೆ ಕಾರು ನಿಲ್ಲಿಸಲೆಂದು ಬಿಟ್ಟಿದ್ದ ಜಾಗದ ಒಂದು ಮೂಲೆಯಲ್ಲಿ ಅದು ನಡೆಯುತ್ತಿತ್ತು. ಮೇಲೆ ಅಪ್ಪ ಕಬ್ಬಿಣದ ಸರಳು ಕಟ್ಟುತ್ತಿದ್ದ, ಅವ್ವ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು, ಕೆಳಗೆ ನಾವು ಮಗ್ಗಿ ಹೇಳುತ್ತಿದ್ದೆವು. ಇಷ್ಟು ದೊಡ್ಡದನ್ನು ಯಾರಿಗೆ ಕಟ್ಟುತ್ತಿದ್ದೀರಿ ಎಂದು ಕೇಳಿದರೆ ಅಪ್ಪ 'ಕಂಪ್ಯೂಟರಿಗೆ' ಅನ್ನುತ್ತಿದ್ದ. ಕಂಪ್ಯೂಟರಿಗೆ ಸೆಖೆ ಆಗಬಾರದಂತೆ, ತಣ್ಣನೆಯ ಗಾಳಿ ಬೇಕಂತೆ. ನಾವಿದ್ದದ್ದು ಅದರ ಹಿಂದಿನ ತಗಡಿನ ಶೆಡ್ಡುಗಳಲ್ಲಿ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಕೂತವರಿಗೆ ಕಂಪ್ಯೂಟರಿನ ಮೇಲೆ ಹೊಟ್ಟೆಕಿಚ್ಚು ಬರದಿದ್ದರೆ ಅವರು ಮನುಷ್ಯರೇ ಅಲ್ಲ.

ನಾವು ಯಾದಗಿರಿ ಕಡೆಯವರು. ನನಗಾಗ ಹತ್ತು ವರ್ಷ. ಊರಲ್ಲಿ ತಡವಾಗಿ ಶಾಲೆಗೆ ಹಾಕಿ, ಎರಡನೇ ಕ್ಲಾಸಿಗೇ ಬಿಡಿಸಿ ಕರೆತಂದಿದ್ದರು, ಯಾಕೆಂದರೆ ತಮ್ಮ ಹುಟ್ಟಿದ್ದ, ಅವ್ವ ಕೆಲಸಕ್ಕೆ ಹೋದರೆ ಅವನನ್ನು ಹೊತ್ತುಕೊಳ್ಳಲು ಯಾರದಾದರೂ ಸೊಂಟ ಬೇಕಿತ್ತು. ಆ ಸೊಂಟ ನನ್ನದಾಯಿತು. ಶೆಡ್ಡುಗಳಲ್ಲಿ ನನ್ನ ವಯಸ್ಸಿನ ಹುಡುಗಿಯರೆಲ್ಲ ಹೀಗೇ ಒಂದು ಬದಿಗೆ ವಾಲಿಕೊಂಡು ಓಡಾಡುತ್ತಿದ್ದರು.

ಒಂದು ದಿನ ನಮ್ಮ ಶೆಡ್ಡಿನ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಕೈಯಲ್ಲಿ ಕೊಡೆ, ಸೀರೆಯ ಕೆಳಗೆ ಗಂಡಸರು ಹಾಕುವ ಕ್ಯಾನ್ವಾಸ್ ಬೂಟು. ಕಟ್ಟಡದ ಜಾಗದಲ್ಲಿ ಎಲ್ಲೆಂದರಲ್ಲಿ ಮೊಳೆ ಬಿದ್ದಿರುತ್ತವೆ, ಅದಕ್ಕೇ ಬೂಟು. ನಮಗದು ತಿಳಿಯದೆ ಬಿದ್ದು ಬಿದ್ದು ನಕ್ಕೆವು. ಅವರು ನಮ್ಮ ಜೊತೆ ತಾವೂ ನಕ್ಕರು.

'ಸಾಲಿಗಿ ಬರ್ತಿ ಏನವಾ?' ಅಂದರು ನನಗೆ.

'ತಮ್ಮನ್ನ ನೋಡ್ಕೋಬೇಕ್ರಿ. ಬರಂಗಿಲ್ಲ.'

'ಅವನೂ ಬರ್ಲಿ.'

'ಅವಂಗ ಇನ್ನಾ ಮಾತೇ ಬರಂಗಿಲ್ರಿ!'

'ಸಾಲ್ಯಾಗ ಕಲಿತಾನ ಬಿಡು.'

ಹೀಗೆ ನಾನು ಇಪ್ಪತ್ಮೂರನೆಯ ನಂಬರಾದೆ, ತೊಡೆಯ ಮೇಲೆ ಜೊಲ್ಲು ಸುರಿಸುತ್ತಿದ್ದ ನನ್ನ ತಮ್ಮ ಇಪ್ಪತ್ನಾಲ್ಕು. ಅವರ ಶಾಲೆಯಲ್ಲಿ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಕಡೆ ಊರಿಗೊಬ್ಬ ದೇವಿ, ಆ ಊರಿನ ಅರ್ಧ ಹೆಣ್ಣುಮಕ್ಕಳಿಗೆ ಅವಳದೇ ಹೆಸರು. ಒಂದು ಹೆಸರು ಕರೆದರೆ ಐವರು ಎದ್ದು ನಿಲ್ಲುತ್ತಿದ್ದರಂತೆ. ಅದಕ್ಕೆ ನಂಬರು. ನಾವು ಅವರನ್ನು ಅಕ್ಕೋರು ಅನ್ನುತ್ತಿದ್ದೆವು, ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳನ್ನು ಕರೆಯುವುದೇ ಹಾಗೆ. ಬಿಜಾಪುರ ಕಡೆಯವರು, ಗಂಡನಿಗೆ ಬ್ಯಾಂಕಿನ ಕೆಲಸ, ಮನೆ ಲಿಂಗಂಪಲ್ಲಿಯಲ್ಲಿ. ಯಾವುದೋ ಸಂಸ್ಥೆಯವರು ಶೆಡ್ಡಿನ ಮಕ್ಕಳಿಗೆ ಪಾಠ ಹೇಳಲು ಅವರನ್ನು ಗೊತ್ತುಮಾಡಿದ್ದರು.

ಮೊದಲ ದಿನದ ಹಾಜರಿ ನನಗೆ ಚೆನ್ನಾಗಿ ನೆನಪಿದೆ. ಕೂತಿದ್ದವರು ಹದಿಮೂರು ಮಕ್ಕಳು. ಅಕ್ಕೋರು ಉದ್ದನೆಯ ಪುಸ್ತಕ ತೆಗೆದು 'ಒಂದು?' ಅಂದರು. ಯಾರೂ ಏಳಲಿಲ್ಲ. ಹಿಂದಿನಿಂದ ಒಬ್ಬಳು, 'ಮಿಯಾಪುರದಾಗ ಅದಾಳ್ರಿ' ಅಂದಳು. ಬರೆದುಕೊಂಡರು. 'ಎರಡು?' 'ಊರಿಗಿ ಹೋಗ್ಯಾನ್ರಿ, ಜ್ವರ ಬಂದಿತ್ತು.' ಬರೆದುಕೊಂಡರು. 'ಮೂರು?' 'ಹಾಜರ್ ರೀ!' ಹೀಗೇ ನಡೆಯಿತು. 'ಆರು?' ಅಂದಾಗ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅಕ್ಕೋರು ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರು.

'ಆರು ಎಲ್ಲದಾಳ? ಯಾರಿಗೂ ಗೊತ್ತಿಲ್ಲೇನು?'

'ಗೊತ್ತಿಲ್ರಿ.'

'ನಾಳಿಗಿ ಕೇಳ್ಕೊಂಡು ಬರ್ರಿ.' ಕೆಂಪು ಪೆನ್ನು ತೆಗೆದು ಆರರ ಮುಂದೆ ಏನೋ ಬರೆದರು.

ಹೆಂಗಸಿಗೆ ತಲೆ ಸರಿ ಇಲ್ಲ ಅಂದುಕೊಂಡೆ. ಕಟ್ಟಡದ ಕೆಲಸವೆಂದರೆ ಹಾಗೆಯೇ, ಒಂದು ತಂಡ ಬರುತ್ತದೆ, ಇನ್ನೊಂದು ಹೋಗುತ್ತದೆ. ಹೋದವರ ಮಕ್ಕಳ ನಂಬರನ್ನು ಬಂದವರಿಗೆ ಕೊಟ್ಟರೆ ಮುಗಿಯಿತು. ಅಕ್ಕೋರು ಕೊಡುತ್ತಿರಲಿಲ್ಲ. ಹೊಸಬರಿಗೆ ಹೊಸ ನಂಬರು, ಹೋದವರದು ಅವರದೇ. ಬರುಬರುತ್ತ ನಂಬರು ಐವತ್ತು ದಾಟಿತು, ಕೂತವರು ಮಾತ್ರ ಅದೇ ಹನ್ನೆರಡೋ ಹದಿನೈದೋ. ಮೊದಲಿನಿಂದಲೂ ನನ್ನದು ಹರಿತ ಬಾಯಿ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ, 'ಇಲ್ಲದವ್ರದು ಹಾಜರಿ ಯಾಕ ತಗೊಂತೀರಿ? ಸುಮ್ನ ಹೊತ್ತು ಹೋಗ್ತೈತಿ.'

ಅಕ್ಕೋರು ಸಿಟ್ಟಾಗಲಿಲ್ಲ. 'ಹೋಗೋದು ನಿಮ್ಮ ಕೈಯಾಗ ಇಲ್ಲ. ನಂಬರ್ ಹೊಡೆದು ಹಾಕೋದು ನನ್ನ ಕೈಯಾಗ ಐತಿ. ಅದಕ್ಕ ನಾ ಹೊಡೆದು ಹಾಕಂಗಿಲ್ಲ,' ಅಂದು ಮಗ್ಗಿ ಶುರುಮಾಡಿದರು.

ಇಲ್ಲದವರನ್ನು ಹುಡುಕುವುದೇ ನಮ್ಮ ಮನೆಗೆಲಸ. ನಾವು ಕೇಳದೆ ಬಿಡುತ್ತಿದ್ದವರಾದರೂ ಯಾರು? ಮರಳಿನ ಲಾರಿಯ ಡ್ರೈವರುಗಳು, ಸಿಮೆಂಟು ಇಳಿಸುವವರು, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸರು, ಎಲ್ಲರ ಬೆನ್ನು ಹತ್ತುತ್ತಿದ್ದೆವು. ಹೊಸ ತಂಡ ಬಂದಿಳಿದರೆ ಅವರು ಗಂಟು ಬಿಚ್ಚುವ ಮೊದಲೇ ಹೋಗಿ ವಿಚಾರಿಸುತ್ತಿದ್ದೆವು. ಒಬ್ಬರ ಸುದ್ದಿ ಸಿಕ್ಕಿದ ದಿನ ಅಕ್ಕೋರು ಕೆಂಪು ಪೆನ್ನು ಬಿಟ್ಟು ನೀಲಿ ಪೆನ್ನು ತೆಗೆಯುತ್ತಿದ್ದರು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಆರರ ಸುದ್ದಿ ಮಾತ್ರ ಯಾರೂ ತರಲಿಲ್ಲ.

ಪಾಠವೂ ಹಾಗೇ ವಿಚಿತ್ರವಾಗಿತ್ತು. ಒಂದು ದಿನ ಗೌಂಡಿ ಕೆಲಸದ ಮುದುಕನೊಬ್ಬನನ್ನು ಕರೆದು, 'ಮಾಮಾ, ಇವತ್ತು ನೀವು ಕಲಿಸ್ರಿ, ನಾನೂ ಕುಂದ್ರತೀನಿ,' ಅಂದು ನಮ್ಮ ನಡುವೆ ಕೂತುಬಿಟ್ಟರು. ಮುದುಕ ತಬ್ಬಿಬ್ಬಾದ. ಹೋಗಿ ಕೈಕಾಲು ತೊಳೆದು, ಅಂಗಿ ಹಾಕಿಕೊಂಡು ಬಂದ. ಗೋಡೆ ಎಬ್ಬಿಸುವಾಗ ಮಟ್ಟ ನೋಡುವ ನೀರಿನ ಪೈಪು ಅವನ ಕೈಯಲ್ಲಿತ್ತು, ಒಳಗಿನ ನೀರು ಕಾಣುವಂಥ ತೆಳು ಪೈಪು. ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಗುಂಡಿಯಲ್ಲಿ ಇಳಿಸಿದ, ಇನ್ನೊಂದನ್ನು ಬೇರೆ ಹುಡುಗಿಗೆ ಕೊಟ್ಟು ಜಲ್ಲಿಯ ರಾಶಿ ಹತ್ತಿಸಿದ. 'ನೀರು ಎಲ್ಲಿ ನಿಂತೈತಿ, ಅಲ್ಲಿ ಬಳ್ಳು ಇಡ್ರಿ,' ಅಂದ. ನನ್ನ ಬೆರಳು ತಲೆಯಿಂದ ಒಂದು ಮೊಳ ಮೇಲೆ ಹೋಯಿತು, ಅವಳದು ಪಾದದ ಹತ್ತಿರ ಇಳಿಯಿತು. ನಡುವೆ ದಾರ ಕಟ್ಟಿ ಎಳೆದು ನೋಡಿದರೆ ಎಳ್ಳಷ್ಟೂ ಏರುಪೇರಿಲ್ಲ. ಗುಂಡಿಯಲ್ಲಿದ್ದವಳಿಗೂ ರಾಶಿಯ ಮೇಲಿದ್ದವಳಿಗೂ ನೀರು ಒಂದೇ ಮಟ್ಟ ತೋರಿಸಿತ್ತು. ದಿನಾ ಆ ಪೈಪನ್ನು ದಾಟಿಕೊಂಡು ಓಡಾಡುತ್ತಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ಪಾಠ ಮುಗಿದ ಮೇಲೆ ಅಕ್ಕೋರು ಎದ್ದು ನಿಂತು ಮುದುಕನಿಗೆ ಕೈ ಮುಗಿದರು, ನಾವೂ ಮುಗಿದೆವು. ಅವನು ಆ ದಿನವೆಲ್ಲ ಅಂಗಿ ಬಿಚ್ಚಲಿಲ್ಲ.

ಒಂದೂವರೆ ವರ್ಷ ಹೀಗೆ ಕಲಿತೆ. ಕನ್ನಡ ಬಂತು, ತೆಲುಗು ಅಕ್ಷರವೂ ಬಂತು. ಜೂನ್‌ನಲ್ಲಿ ನಿನ್ನನ್ನು ಹಾಸ್ಟೆಲ್ ಇರುವ ಸರಕಾರಿ ಶಾಲೆಗೆ ಸೇರಿಸುತ್ತೇನೆ ಎಂದು ಅಕ್ಕೋರು ಹೇಳಿದ್ದರು. ತಿಂಗಳುಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಜೂನ್‌ಗೆ ಇನ್ನೂ ಒಂಬತ್ತು ತಿಂಗಳಿದೆ ಎನ್ನುವಾಗ ಒಂದು ಬೆಳಗ್ಗೆ ಮೇಸ್ತ್ರಿ ಲಾರಿ ತಂದು ನಿಲ್ಲಿಸಿ, ಇಲ್ಲಿ ನಿಮ್ಮ ತಂಡದ ಕೆಲಸ ಮುಗಿಯಿತು, ಗಂಟು ಕಟ್ಟಿ ಅಂದ. ಎಲ್ಲಿಗೆ ಅಂತ ಹೇಳಲಿಲ್ಲ. ನಮ್ಮಂಥವರಿಗೆ ಹೇಳುವ ಪದ್ಧತಿಯೂ ಇಲ್ಲ. ಅಕ್ಕೋರು ಬರಲು ಇನ್ನೂ ಒಂದು ಗಂಟೆ ಇತ್ತು. ಲಾರಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಉಪ್ಪಲ್‌ನಲ್ಲಿ ನಿಂತಿತು. ಅಲ್ಲಿಯೂ ಒಂದು ಗಾಜಿನ ಕಟ್ಟಡ, ಹಿಂದೆ ತಗಡಿನ ಶೆಡ್ಡು. ಶಾಲೆ ಮಾತ್ರ ಇರಲಿಲ್ಲ.

ಮೊದಲ ವಾರ ಅತ್ತೆ. ಆಮೇಲೆ ಸಿಟ್ಟು ಬಂತು. ಅಪ್ಪನ ಮೇಲಲ್ಲ, ಅಕ್ಕೋರ ಮೇಲೆ. ಹೊಡೆದು ಹಾಕಂಗಿಲ್ಲ ಅಂದಿದ್ದರಲ್ಲ, ಈಗ ನನ್ನ ನಂಬರನ್ನು ಯಾರಿಗೋ ಕೊಟ್ಟು ಹಾಯಾಗಿರುತ್ತಾರೆ ಅಂದುಕೊಂಡೆ. ತಮ್ಮ ಓಡಾಡುವಷ್ಟು ದೊಡ್ಡವನಾಗಿದ್ದರಿಂದ ನನ್ನ ಸೊಂಟ ಖಾಲಿಯಾಯಿತು, ತಲೆಯ ಮೇಲೆ ಇಟ್ಟಿಗೆ ಬಂತು. ಅರ್ಧ ಕೂಲಿ. ಬರುವ ವರ್ಷ ಪೂರ್ತಿ ಕೂಲಿ ಸಿಗುತ್ತದೆ ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ಮೇ ತಿಂಗಳು ಬಂದಾಗ ನಾನು ಎಣಿಸುವುದನ್ನೇ ಬಿಟ್ಟಿದ್ದೆ.

ಆಗ ಒಂದು ಮಧ್ಯಾಹ್ನ ಮರಳಿನ ಲಾರಿಯೊಂದು ಬಂತು. ಡ್ರೈವರು ಕೆಳಗಿಳಿದು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, ಬೇಸತ್ತ ದನಿಯಲ್ಲಿ ಕೂಗಿದ: 'ಅರೇ, ಇಧರ್ ತೇಯೀಸ್ ನಂಬರ್ ಕೌನ್ ಹೈ?'

ನನ್ನ ತಲೆಯ ಮೇಲೆ ಎಂಟು ಇಟ್ಟಿಗೆ ಇದ್ದವು. ತೇಯೀಸ್ ಅಂದರೆ ಇಪ್ಪತ್ಮೂರು ಎಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದ ಮೇಲೆ ಬಾಯಿಂದ ತಾನಾಗಿ ಬಂದದ್ದು ಒಂದೇ ಮಾತು, 'ಹಾಜರ್ ರೀ!' ಇಟ್ಟಿಗೆ ಎಲ್ಲ ಕೆಳಗೆ ಬಿದ್ದವು. ಕೊಂಡಾಪುರಕ್ಕೆ ಹೋದಾಗಲೆಲ್ಲ ಅಲ್ಲಿಯ ಮಕ್ಕಳು ಲಾರಿಗೆ ಜೋತುಬಿದ್ದು, ತೇಯೀಸ್ ಎಲ್ಲಿ, ತೇಯೀಸ್ ಎಲ್ಲಿ ಎಂದು ತನ್ನ ತಲೆ ತಿನ್ನುತ್ತಾರೆ, ನಿನಗೇನು ಪೊಲೀಸರು ನಂಬರು ಕೊಟ್ಟಿದ್ದಾರಾ ಎಂದು ಅವನು ಕೇಳಿದ. ನಾನು ನಗುತ್ತ, ಬಿದ್ದ ಇಟ್ಟಿಗೆಗಳನ್ನು ಎತ್ತಿಟ್ಟೆ.

ಮೂರನೆಯ ದಿನ ಬೂಟು ಬಂದವು. ತಲೆಯ ಮೇಲೆ ಹೊರೆ ಇದ್ದವರ ಕಣ್ಣು ನೆಲದ ಮೇಲಿರುತ್ತದೆ, ಹಾಗಾಗಿ ನಾನು ಮೊದಲು ಕಂಡದ್ದು ಬೂಟನ್ನೇ. ಡ್ರೈವರು ಉಪ್ಪಲ್ ಎಂದಷ್ಟೇ ಸುದ್ದಿ ಮುಟ್ಟಿಸಿದ್ದ. ಅಕ್ಕೋರು ಲಿಂಗಂಪಲ್ಲಿಯಿಂದ ರೈಲು, ಆಮೇಲೆ ಬಸ್ಸು ಹಿಡಿದು, ಉಪ್ಪಲ್‌ನಲ್ಲಿ ಒಂದೊಂದೇ ಕಟ್ಟಡ ಕೇಳಿಕೊಂಡು ಬಂದಿದ್ದರು. ಗುತ್ತಿಗೆದಾರನ ಆಫೀಸಿನಲ್ಲಿ ವಿಚಾರಿಸಿದಾಗಲೆಲ್ಲ 'ಲೇಬರ್ ಹೋಯ್ತು' ಅಂದಿದ್ದರಂತೆ, ಅಷ್ಟೇ. ಅಪ್ಪ ಬೀಡಿ ಆರಿಸಿ ಎದ್ದು ನಿಂತ. ಆದರೆ ಒಪ್ಪಲಿಲ್ಲ. 'ಹುಡುಗಿ ಕೆಲಸಕ್ಕ ಹತ್ಯಾಳ್ರಿ. ಇನ್ನ ಸಾಲಿ ಯಾಕ ಬೇಕ್ರಿ?' ಅಂದ. ಜೂನ್‌ಗೆ ಇನ್ನು ಎರಡು ವಾರ ಇತ್ತು. ಈಗ ಇಲ್ಲ ಅಂದರೆ ನನ್ನ ಕಥೆ ಇಟ್ಟಿಗೆಯಲ್ಲೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು.

ಅಕ್ಕೋರು ಉಪದೇಶ ಮಾಡಲಿಲ್ಲ. ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹಾಜರಿ ಪುಸ್ತಕ ಬಿಚ್ಚಿದರು. ಅಪ್ಪನಿಗೆ ಓದು ಬಾರದು. ಬಣ್ಣ ಮಾತ್ರ ಕಾಣುತ್ತಿತ್ತು.

'ಇಷ್ಟ್ಯಾಕ ಕೆಂಪು ಐತ್ರಿ ಇಲ್ಲಿ?'

'ಅದು ನಿಮ್ಮ ಮಗಳದು. ಗೊತ್ತಿಲ್ಲ ಅಂತ ಬರದೀನಿ. ದಿನಾ ಕೇಳೀನಿ, ದಿನಾ ಗೊತ್ತಿಲ್ಲ ಅಂದಾವ ಹುಡುಗ್ರು. ಇಲ್ಲಿ ನೋಡ್ರಿ, ಮೊನ್ನಿದು. ನೀಲಿ ಐತಲ್ಲ, ಉಪ್ಪಲ್ ಅಂತ ಬರದೀನಿ.'

ಅಪ್ಪ ಪುಟ ತಿರುವಿದ. ಕೆಂಪು. ಇನ್ನೊಂದು ತಿರುವಿದ. ಕೆಂಪು. ಅವನ ಸಿಮೆಂಟು ಮೆತ್ತಿದ ಬೆರಳು ಒಂದು ಸಾಲು ಕೆಳಗಿಳಿದು ನಿಂತಿತು. 'ಇದೂ ಹಂಗೇ ಐತಲ್ರಿ. ಇದು ಯಾರದು?'

'ಇಪ್ಪತ್ನಾಲ್ಕು. ನಿಮ್ಮ ಸಣ್ಣ ಮಗಂದು.'

'ಈ ಸಣ್ಣಾಂದೂ ದಿನಾ ಕೇಳೀರೇನ್ರಿ?'

'ಅವನೂ ನನ್ನ ಸಾಲ್ಯಾಗ ಅದಾನಲ್ರಿ.'

ಅಪ್ಪ ನಕ್ಕ. ನಗುತ್ತಿದ್ದವನು ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣು ಒರೆಸಿಕೊಂಡ. ಎಷ್ಟು ಊರಲ್ಲಿ ಎಷ್ಟು ಕಟ್ಟಡ ಕಟ್ಟಿದ್ದನೋ, ಅಲ್ಲಿಂದ ಹೊರಟ ಮರುದಿನ ಅವನೆಲ್ಲಿ ಎಂದು ಯಾರೂ ಕೇಳಿರಲಿಲ್ಲ. ಇಲ್ಲಿ ಮಾತೂ ಸರಿಯಾಗಿ ಬಾರದ ಅವನ ಮಗನನ್ನು ಎಂಟು ತಿಂಗಳಿಗೂ ಮೇಲೆ ಯಾರೋ ಕೇಳುತ್ತಲೇ ಇದ್ದರು. ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ಅಕ್ಕೋರಿಗೆ ಕೊಟ್ಟ. 'ಯಾವಾಗ ಕರ್ಕೊಂಡು ಹೋಗ್ತೀರಿ?' ಅಂದ.

ನಾನೀಗ ಇದೇ ಊರಿನಲ್ಲಿ ನರ್ಸು. ಕಟ್ಟಡದ ಶೆಡ್ಡುಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಎರಡನೆಯ ಸೂಜಿಯ ಹೊತ್ತಿಗೆ ಅರ್ಧ ಮಕ್ಕಳು ಅಲ್ಲಿರುವುದಿಲ್ಲ. ಜಾಗ ಬಿಟ್ಟಿದ್ದಾರೆ ಎಂದು ಗೀಟು ಎಳೆದರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನಾನು ಎಳೆಯುವುದಿಲ್ಲ. ಲಾರಿಯವರನ್ನು ಕೇಳುತ್ತೇನೆ, ಮೇಸ್ತ್ರಿಗಳಿಗೆ ಫೋನು ಮಾಡಿ ಪೀಡಿಸುತ್ತೇನೆ, ಆ ಕಡೆಯ ನರ್ಸಿಗೆ ಹೇಳುತ್ತೇನೆ. ಬೈಸಿಕೊಂಡಿದ್ದೂ ಇದೆ, ತಿರುಗಿ ಬೈದದ್ದೂ ಇದೆ.

ಹೋದ ವರ್ಷ ಲಿಂಗಂಪಲ್ಲಿಗೆ ಅಕ್ಕೋರನ್ನು ನೋಡಲು ಹೋಗಿದ್ದೆ. ಮೊಣಕಾಲು ಹಿಡಿದುಕೊಂಡಿದೆ, ಬೂಟು ಈಗ ಬಾಗಿಲ ಹಿಂದೆ ಇವೆ. ಚಹಾ ಕೊಟ್ಟು, ತಮ್ಮನ ಸುದ್ದಿ ಕೇಳಿ, ಕಪಾಟಿನಿಂದ ಆ ಹಳೆಯ ಪುಸ್ತಕ ತೆಗೆಸಿದರು. ನನಗೆ ಗೊತ್ತಿದ್ದವರದು ಒಂದೊಂದೇ ಹೇಳಿದೆ. ಮೂರು ಈಗ ದರ್ಜಿ, ಹನ್ನೊಂದಕ್ಕೆ ಇಬ್ಬರು ಮಕ್ಕಳು. ಎಲ್ಲ ಬರೆದುಕೊಂಡರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, 'ಆರು ಎಲ್ಲದಾಳ?' ಅಂದರು.

ನಾನು ಎದ್ದು ನಿಂತೆ. 'ಗೊತ್ತಿಲ್ರಿ.'

'ಕೇಳ್ಕೊಂಡು ಬಾ,' ಅಂದರು.

ನಾನು ಸೇರುವ ಮೊದಲೇ ಹೋದವಳು ಅವಳು, ನಾನು ಅವಳ ಮುಖ ಕಂಡಿಲ್ಲ. ಈಗ ಸೂಜಿ ಹಾಕಿದ ಮೇಲೆ ಮಗುವಿನ ತಾಯಿ ನನ್ನ ವಯಸ್ಸಿನವಳಾಗಿ ಕಂಡರೆ ಕೇಳುತ್ತೇನೆ: 'ಸಣ್ಣಾಕಿ ಇದ್ದಾಗ ಕೊಂಡಾಪುರದಾಗ ಇದ್ದಿ ಏನವಾ? ಬೂಟ್ ಹಾಕ್ಕೊಂಡು ಬರೋ ಅಕ್ಕೋರ ಸಾಲಿಗಿ ಹೋಗಿದ್ದಿ ಏನು? ನಿನ್ನ ನಂಬರ್ ಎಷ್ಟಿತ್ತು?' ಇಲ್ಲ ಅನ್ನುತ್ತಾರೆ, ನಗುತ್ತಾರೆ. ನನ್ನ ಲಸಿಕೆ ಪುಸ್ತಕದ ಕೊನೆಯ ಪುಟದಲ್ಲಿ ಆರರ ಮುಂದೆ, ಆ ದಿನದ 'ಗೊತ್ತಿಲ್ಲ'ವನ್ನು ಕೆಂಪು ಪೆನ್ನಿನಲ್ಲಿ ಬರೆದು ಮುಂದಿನ ಶೆಡ್ಡಿಗೆ ಹೋಗುತ್ತೇನೆ.