ಗಾಜಿನ ಕೆಳಗೆ ಇಟ್ಟ ಶ್ರವಣಯಂತ್ರ

ಅಕ್ಕನಿಗೆ ಹತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಇಳಿಯುವಾಗ ಅವಳ ಶ್ರವಣಶಕ್ತಿಯ ಮುಕ್ಕಾಲು ಪಾಲನ್ನೂ ಕೊಂಡೊಯ್ದಿತ್ತು. ಆದರೂ ಅವಳು ಓದಿದಳು. ಉರ್ವದಲ್ಲಿ ನಮ್ಮ ಮನೆಯ ಹತ್ತಿರವೇ ಇದ್ದ ಶಿಶುವಿಹಾರದಲ್ಲಿ ಟೀಚರ್ ಆದಳು. ಅವಳು ನೆಚ್ಚಿಕೊಂಡಿದ್ದು ಸೋದರಮಾವ ಬೊಂಬಾಯಿಯಿಂದ ತಂದುಕೊಟ್ಟ ಶ್ರವಣಯಂತ್ರವನ್ನು. ಬೆಂಕಿಪೊಟ್ಟಣದಷ್ಟು ದೊಡ್ಡದು, ರವಿಕೆಯೊಳಗೆ ಸಿಕ್ಕಿಸಿಕೊಂಡು, ತಂತಿಯನ್ನು ಕೂದಲಿನಡಿ ಹಾಯಿಸಿ ಕಿವಿಗಿಟ್ಟುಕೊಳ್ಳುತ್ತಿದ್ದಳು.

ಮಂಗಳೂರಿನ ಬೆವರು ಅದಕ್ಕೆ ಆಗಿಬರಲಿಲ್ಲ. ಮಧ್ಯಾಹ್ನವಾಗುವಷ್ಟರಲ್ಲಿ ಚರಚರ ಸದ್ದು, ಆಮೇಲೆ ಏನೂ ಇಲ್ಲ. ನಾನು ಆಗ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ನಮ್ಮ ಪ್ರೊಫೆಸರರನ್ನು ಕೇಳಿ ಒಂದು ಬಾಟಲಿ ಸಿಲಿಕಾ ಜೆಲ್ ತಂದೆ. ತೇವ ಹೀರುವ ಹರಳುಗಳು ಅವು. ಒಣಗಿದ್ದಾಗ ನೀಲಿ, ತೇವ ತುಂಬಿದಾಗ ಗುಲಾಬಿ. ರಾತ್ರಿ ಯಂತ್ರವನ್ನು ಆ ಹರಳುಗಳ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ಅಕ್ಕನಿಗೆ ಕಾಗೆಯ ಕೂಗೂ ಕೇಳುತ್ತಿತ್ತು.

ಗುಲಾಬಿಯಾದ ಹರಳನ್ನು ಮತ್ತೆ ಒಣಗಿಸಲು ಬಿಸಿ ಬೇಕು. ಹಳೆಯ ಮರದ ಪೆಟ್ಟಿಗೆಯ ಒಳಗೆ ಕಪ್ಪು ಬಣ್ಣ ಬಳಿದು, ಮೇಲೆ ಕಿಟಕಿಯ ಗಾಜು ಕೂರಿಸಿ ತಾರಸಿಯಲ್ಲಿಟ್ಟೆ. ಮೇ ತಿಂಗಳ ಬಿಸಿಲಿಗೆ ಅದರೊಳಗೆ ಕೈ ಹಾಕಲಾಗುತ್ತಿರಲಿಲ್ಲ. ಎರಡು ದಿನದಲ್ಲಿ ಹರಳು ನೀಲಿಯಾಗುತ್ತಿತ್ತು. ಮನೆಯವರೆಲ್ಲ ನನ್ನನ್ನು ಹೊಗಳಿದರು. ಆ ಹೊಗಳಿಕೆಯೇ ನನ್ನನ್ನು ಕೆಡಿಸಿತೋ ಏನೋ.

ಜುಲೈಯಲ್ಲಿ ಮಳೆ ಬಿಡಲೇ ಇಲ್ಲ. ಕಾವಲಿಯಲ್ಲಿ ಹುರಿಯಲು ಹೋಗಿ ಅರ್ಧಕ್ಕರ್ಧ ಹರಳನ್ನು ಕರಕಲಾಗಿಸಿದೆ. ಉಳಿದದ್ದು ಗುಲಾಬಿಯಾಗಿಯೇ ಇತ್ತು. ಅಕ್ಕನ ಯಂತ್ರ ದಿನದ ಬಹುಪಾಲು ಮೂಕವಾಗಿತ್ತು. ಒಂದು ಭಾನುವಾರ ಮೋಡ ಸರಿದು ಬಿಸಿಲು ಬಿತ್ತು. ಹರಳು ಒಣಗಿ, ಅದು ಯಂತ್ರವನ್ನು ಒಣಗಿಸುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಯಂತ್ರವನ್ನೇ ಗಾಜಿನ ಕೆಳಗಿಟ್ಟೆ. ಹತ್ತೇ ನಿಮಿಷ ಎಂದುಕೊಂಡಿದ್ದೆ. ಅಷ್ಟರಲ್ಲಿ ಯಾರೋ ಬಂದರು, ಮಾತಿಗೆ ಕುಳಿತೆ.

ನೆನಪಾಗಿ ಓಡಿದಾಗ ಅದರ ಕವಚ ಸೊಟ್ಟಗಾಗಿತ್ತು.

ಅಕ್ಕ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದಳು. ಯಂತ್ರವನ್ನು ಸೆರಗಿನಲ್ಲಿ ಹಿಡಿದು ಕಿವಿಗಿಟ್ಟು ನೋಡಿದಳು. ನಾನು ಏನೋ ಹೇಳುತ್ತಿದ್ದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು.

"ನಿಧಾನ ಹೇಳು ಮಾರಾಯ, ನಂಗೆ ಕೇಳುದಿಲ್ಲ," ಎಂದಳು.

ಬೊಂಬಾಯಿಗೆ ಪತ್ರ ಹೋಯಿತು. ಬೇರೆ ಯಂತ್ರ ಬರಲು ತಿಂಗಳುಗಳೇ ಬೇಕಿದ್ದವು. ಶಾಲೆಯಲ್ಲಿ ತಿಳಿಸು ಎಂದು ನಾನು ಬರೆದು ತೋರಿಸಿದರೆ, "ಹೇಳಿದ್ರೆ ಮನೆಗೆ ಕಳಿಸ್ತಾರೆ" ಎಂದು ಚೀಟಿ ಮಡಚಿದಳು. ಮಕ್ಕಳ ಬಾಯಿ ನೋಡಿಕೊಂಡೇ ಮೂರು ವಾರ ಪಾಠ ಮಾಡಿದಳು.

ಒಂದು ದಿನ ಅವಳು ಬೋರ್ಡಿನಲ್ಲಿ ಅಕ್ಷರ ಬರೆಯುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಒಂದು ಹುಡುಗಿ ಜಾರಿ ಬಿದ್ದಳು. ಗಲ್ಲ ಒಡೆದು ರಕ್ತ. ಮಗು ಕಿರುಚುತ್ತಿತ್ತು, ಅಕ್ಕ ಬರೆಯುತ್ತಲೇ ಇದ್ದಳು. ಪಕ್ಕದ ತರಗತಿಯವರು ಓಡಿಬಂದು ಎತ್ತಿಕೊಂಡಾಗಲೇ ಅವಳು ತಿರುಗಿದ್ದು.

ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ಮನೆಗೇ ಬಂದು ನನ್ನಲ್ಲಿ ಹೇಳಿದರು: "ಕಿವಿಯದ್ದು ಸರಿಯಾಗುವವರೆಗೆ ರಜೆ ತೆಗೊಳ್ಳಲಿ. ಎಂತ ಮಾಡುದು, ಚಿಕ್ಕ ಮಕ್ಕಳಲ್ವಾ?"

ದೀಪಾವಳಿ ಕಳೆದ ಮೇಲೆ ಹೊಸ ಯಂತ್ರ ಬಂತು. ಅಷ್ಟರಲ್ಲಿ ಅಕ್ಕನ ತರಗತಿಗೆ ಬೇರೆ ಟೀಚರ್ ಬಂದಾಗಿತ್ತು. ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲವೆಂದು ಈಗ ಅನಿಸುತ್ತದೆ. ಕುದ್ರೋಳಿಯಲ್ಲಿ ಹೊಲಿಗೆ ಕಲಿಸುವ ಕೆಲಸ ಹಿಡಿದಳು. ದೊಡ್ಡ ಹುಡುಗಿಯರು, ಎದುರಿಗೇ ಕುಳಿತು ಮಾತಾಡುವವರು.

ಒಮ್ಮೆ ಧೈರ್ಯ ಮಾಡಿ ಕೇಳಿದೆ, ನನ್ನ ಮೇಲೆ ಸಿಟ್ಟುಂಟಾ ಎಂದು.

"ಯಂತ್ರ ಹಾಳಾದ್ದಕ್ಕೆ ಇಲ್ಲ," ಎಂದಳು. ಸೂಜಿಗೆ ದಾರ ಪೋಣಿಸಿದಳು. "ನನ್ನನ್ನು ಒಂದು ಮಾತು ಕೇಳಿ ಇಡ್ಬಹುದಿತ್ತು ನೀನು."